ಎರಡು ಸಲ ಎಣಿಸಿದ ಹೆಬ್ಬಾತುಗಳು

ಅಂಬ್ರಪ್ಪನ ಎದುರಿಗೆ 'ಸುಮಾರು' ಎಂದು ಬಾಯಿಬಿಟ್ಟವರು ಬೈಸಿಕೊಳ್ಳದೆ ಹಿಂದಿರುಗಿದ್ದನ್ನು ನಾನು ಕಾಣೆ. ಮೂವತ್ತು ವರ್ಷ ಕಾಲುವೆಯ ಗೇಟಿನ ಬಳಿ ನಿಂತು ನೀರಿನ ಮಟ್ಟವನ್ನು ಅಡಿ, ಅಂಗುಲಗಳಲ್ಲಿ ಬರೆದಿಟ್ಟ ಆ ಮನುಷ್ಯ, ನಿವೃತ್ತನಾದ ಮೇಲೂ ಅದೇ ಖಾಕಿ ಕೋಟು ತೊಟ್ಟು, ಎಡಗಾಲನ್ನು ತುಸು ಎಳೆಯುತ್ತ, ಪ್ರತಿ ಜನವರಿಯಲ್ಲೂ ಹಕ್ಕಿ ಎಣಿಸಲೆಂದು ಸುರಪುರದ ಕಡೆಯ ಆ ಕೆರೆಯ ಏರಿಗೆ ನಮಗಿಂತ ಮೊದಲೇ ಬಂದು ನಿಲ್ಲುತ್ತಿದ್ದ. ಹತ್ತು ಹಕ್ಕಿಗೊಂದು ಹುಣಸೆಬೀಜ ಎಡಜೇಬಿನಿಂದ ಬಲಜೇಬಿಗೆ ಹೋಗಬೇಕು. ನಡುವೆ ಯಾರಾದರೂ ಮಾತನಾಡಿಸಿದರೆ ಬೀಜಗಳನ್ನೆಲ್ಲ ಮರಳಿ ಸುರಿದುಕೊಂಡು, ಅವರ ವಂಶವನ್ನೆಲ್ಲ ಜಾಲಾಡಿ, ಮೊದಲಿನಿಂದ ಶುರು. ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುವ ನನ್ನನ್ನೂ ಬಿಟ್ಟವನಲ್ಲ.

"ಸುಮಾರು ಅಂದ್ರ ಎಷ್ಟ್ರಿ ಮಾಸ್ತರ? ನಿಮ್ಮ ಮನ್ಯಾಗ ಮಕ್ಕಳು ಸುಮಾರು ಎಷ್ಟ ಅದಾವ?"

ಆ ವರ್ಷ ಅಂಬ್ರಪ್ಪನಿದ್ದ ಒಂದು ತಂಡ ಬೆಳಕು ಹರಿಯುವಾಗ ಕಾಲುವೆಯ ಕೆಳಗಿನ ಭತ್ತದ ಗದ್ದೆಗಳಲ್ಲಿ ಮೇಯುತ್ತಿದ್ದ ಪಟ್ಟೆತಲೆಯ ಹೆಬ್ಬಾತುಗಳನ್ನು ಎಣಿಸಿತು: ಇನ್ನೂರ ಹನ್ನೆರಡು. ಹತ್ತು ಗಂಟೆಗೆ ಕೆರೆಯಲ್ಲಿ ನಾವು ಎಣಿಸಿದೆವು: ಇನ್ನೂರ ಹನ್ನೆರಡು. ಕೂಡಿಸಿದರೆ ನಾನೂರ ಇಪ್ಪತ್ತನಾಲ್ಕು, ಹಿಂದಿನ ವರ್ಷಕ್ಕಿಂತ ಮೂವತ್ತು ಹೆಚ್ಚು! ಚಪ್ಪಾಳೆಯೂ ಆಯಿತು. ಅಷ್ಟರಲ್ಲಿ ಬೆವರಿಳಿಸುತ್ತ ಅಂಬ್ರಪ್ಪ ಸೈಕಲ್ಲಿನಿಂದ ಇಳಿದ.

"ಹುಚ್ಚರದೀರೇನ್ರಿ? ಗದ್ದ್ಯಾಗ ಮೇಯ್ದವೇ ಕೆರಿಗಿ ಬಂದಾವ. ಕಾಲು ಜೋತಬಿದ್ದದ್ದು ಒಂದದ, ಅದನ್ನ ನೋಡಕೋತ ಬೆನ್ನ ಹತ್ತಿ ಬಂದೀನಿ!"

ಹಕ್ಕಿ ಕಡಿಮೆಯಾದರೆ ಮಾತ್ರ ಕೆರೆಗೆ ಕಾಲುವೆಯ ನೀರು ಬಿಡುವುದೆಂದು ಮೊದಲೇ ತೀರ್ಮಾನವಾಗಿತ್ತು. ನಿಜಕ್ಕೂ ಅರ್ಧದ ಹತ್ತಿರ ಕಡಿಮೆಯಾಗಿತ್ತು, ಆದರೆ ಕಾಗದದ ಮೇಲೆ ಹೆಚ್ಚಾಗಿತ್ತು. ಎಣಿಕೆ ನಡೆಸುತ್ತಿದ್ದ ಅರಣ್ಯ ಇಲಾಖೆಯ ಸಾಹೇಬರು ನಕ್ಕರು: "ಹೆಚ್ಚಾದ್ರ ನಿನಗ್ಯಾಕ ಹೊಟ್ಟಿಕಿಚ್ಚು, ಅಂಬ್ರಪ್ಪ?" ರುಜು ಹಾಕಲು ಕೊಟ್ಟ ಪೆನ್ನನ್ನು ಅವನು ಏರಿಯಾಚೆ ಎಸೆದು, ಕೋಟು ಕೊಡವಿಕೊಂಡು ಹೊರಟ. ಉಳಿದ ನಾಲ್ವರು ರುಜು ಮಾಡಿದರು. ನಾನೂ ಮಾಡಿದೆ. ಅವನು ಹೇಳಿದ್ದೇ ನಿಜವೆಂದು ಗೊತ್ತಿದ್ದೂ, ಶಹಾಪುರದ ಬಸ್ಸು ತಪ್ಪೀತೆಂದು ಮಾಡಿದೆ. ನನ್ನ ಮೇಲಿನ ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ನೀರು ಬರಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ಅಂಬ್ರಪ್ಪ ಕಾಲೇಜಿನ ಬಾಗಿಲಿಗೆ ಬಂದ. ಕೂಡಲಿಲ್ಲ, ಬೈಯಲೂ ಇಲ್ಲ.

"ಕೆರಿ ಕೆಸರಾಗೇದ. ಇವತ್ತ ಏಳು ಅದಾವ್ರಿ ಮಾಸ್ತರ. ಒಂದು ಬೀಜಕ್ಕೂ ಸಾಲಲಿಲ್ಲ."

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅವರಿಗೆ ನಾವು ಮುಂಗೋಪಿ ಎಂದು ಹೆಸರಿಡುತ್ತೇವೆ. ಹೆಸರಿಟ್ಟ ಮೇಲೆ ಅವರ ಮಾತು ಕೇಳುವ ಹಂಗು ನಮಗಿರುವುದಿಲ್ಲ. ಅಂದು ಆ ಏರಿಯ ಮೇಲೆ ಕೂಗಾಡಿದವನು ಅವನೊಬ್ಬನೇ. ಸಭ್ಯರಾದ ನಾವು ಐದು ಜನ ದನಿಯೆತ್ತದೆ ರುಜು ಹಾಕಿ ಒಂದು ಕೆರೆಯನ್ನು ಒಣಗಿಸಿದೆವು.