ಮಗ್ಗದ ಕೋಣೆ

ಕಳಕವ್ವ ಬಸುರಿ ಪ್ರಿಯಾಂಕಾಳ ರಟ್ಟೆ ಹಿಡಿದು ಮಗ್ಗದ ಕೋಣೆಯೊಳಗೆ ದಬ್ಬಿ, ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು.

"ಹೆಣ ಎತ್ತೂತನಕ ಅಲ್ಲೇ ಕುಂಡ್ರು ನಮ್ಮವ್ವಾ. ಹೊಟ್ಟ್ಯಾಗಿನ ಕೂಸಿಗೆ ಸಾವಿನ ನೆಳ್ಳು ಬೀಳಬಾರ್ದು," ಎಂದು ಮುಚ್ಚಿದ ಬಾಗಿಲಿಗೇ ಬುದ್ಧಿ ಹೇಳಿದಳು.

ಪಡಸಾಲೆಯಲ್ಲಿ ಕಳಕವ್ವನ ಅಣ್ಣ ಬೀರಲಿಂಗಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ಅರಿಸಿನದ ಭಂಡಾರ, ಹೆಗಲ ಮೇಲೆ ಅವನೇ ನೇಯ್ದ ಕರಿ ಕಂಬಳಿ. ಎದುರಿಗೆ ಭಜನೆಯವರು ತಾಳ ಹಿಡಿದು ಕುಳಿತಿದ್ದರು. ನೀರಿನ ಕೊಡ ಹೊತ್ತು ಒಳಗೆ ಬಂದ ಅವನ ಸೊಸೆ ಅನ್ನಪೂರ್ಣ, ಮಗಳಿದ್ದ ಕೋಣೆಗೆ ಚಿಲಕ ಬಿದ್ದದ್ದನ್ನು ನೋಡಿ ಅಲ್ಲೇ ನಿಂತಳು.

"ಅತ್ತಿ, ಅಲ್ಲಿ ಬ್ಯಾಡ. ಅಲ್ಲಿ ಗಾಳಿ ಆಡಂಗಿಲ್ಲ. ಬಾಜೂಕ ಬಾನುಬಿ ಮನ್ಯಾಗ ಕುಂಡ್ರಸೂಣು."

"ಗಾಳಿ ಆಡೂದಿಲ್ಲಂತನ ಅಲ್ಲಿ ಕುಂಡ್ರಿಸೀನಿ. ಬಾನುಬಿ ಮನಿಗೆ ಹೋಗಾಕ ಅಣ್ಣನ ಮಾರಿ ಮುಂದ ಹಾದು ಹೋಗಬೇಕಲ್ಲ? ನಾಳಿ ಬಾಣಂತನಾನೂ ಅಲ್ಲೇ ಮಾಡೂದು. ಈಗಿಂದನ ರೂಢಿ ಆಗ್ಲಿ ಬಿಡು."

ಮುಂಡರಗಿಯಿಂದ ಮೊದಲ ಬಸ್ಸಿಗೇ ಬಂದಿಳಿದ ಕಳಕವ್ವ, ಬಂದ ಗಳಿಗೆಯಿಂದ ಅಳುವವರಿಗೂ ಹೇಗೆ ಅಳಬೇಕೆಂದು ಹೇಳಿಕೊಡುತ್ತಿದ್ದಳು. ಸಾವಿನ ಮನೆಯಲ್ಲಿ ಅಂಥ ಹಿರಿಯಳಿಗೆ ಎದುರಾಡುವ ಸೊಸೆ ಲಕ್ಷ್ಮೇಶ್ವರದಲ್ಲಿ ಇನ್ನೂ ಹುಟ್ಟಿರಲಿಲ್ಲ. ಎದುರಾಡಲು ಅನ್ನಪೂರ್ಣಳ ಹತ್ತಿರ ಕಾರಣವೇನೋ ಇತ್ತು. ಆದರೆ ಅದನ್ನು ಹೇಳಿದರೆ, ಮಗಳ ಮದುವೆಗೂ ಮೊದಲಿನಿಂದ ಮುಚ್ಚಿಟ್ಟದ್ದೆಲ್ಲ ಹೇಳಬೇಕಾಗುತ್ತಿತ್ತು, ಅದೂ ಮಾವನ ಹೆಣದ ಮುಂದೆ. ಅವಳು ಕೊಡ ಇಳಿಸಿ ಗೋಡೆ ಹಿಡಿದು ಕುಳಿತಳು. ಈಗ ಎತ್ತುತ್ತಾರೆ, ಸ್ವಲ್ಪ ಹೊತ್ತಿಗೆ ಏನಾದೀತು ಎಂದು ತನಗೇ ಹೇಳಿಕೊಂಡಳು.

ಶಿರಹಟ್ಟಿಯಿಂದ ಬಂದ ಬೀಗನೊಬ್ಬ ಅವಳ ಗಂಡ ಹನಮಂತನನ್ನು ಕೇಳುತ್ತಿದ್ದ. "ಕುಡ್ಯಾಂವಲ್ಲ, ಬೀಡಿ ಸೇದಾಂವಲ್ಲ. ಎಲ್ಲಿಂದ ಬಂತೋ ಮಾರಾಯಾ ಇಂಥಾ ರಕ್ತದ ಜಡ್ಡು?"

"ಯಾರಿಗ್ಗೊತ್ತು ಮಾಮಾ? ಹುಬ್ಬಳ್ಳಿ ಡಾಕ್ಟರು ಕೇಳಿದ್ರು, ಇವರು ಪೆಟ್ರೋಲ್ ಬಂಕಿನ್ಯಾಗ ದುಡೀತಿದ್ರೇನು ಅಂತ. ನನಗ ನಗಿ ಬಂತು. ಕಂಬಳಿ ನೇಯಾಂವ್ರೀ ನಮ್ಮಪ್ಪ ಅಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅನ್ನಪೂರ್ಣ ತಲೆಯ ಮೇಲಿನ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಆ ದಿನ ಡಾಕ್ಟರ ಮುಂದೆಯೂ ಅವಳು ಹೀಗೆಯೇ ಸೆರಗೆಳೆದುಕೊಂಡಿದ್ದಳು.

*

ಓಣಿಯ ತುದಿಯಲ್ಲಿ ಒಂದು ಹಳೆಯ ಪೆಟ್ರೋಲ್ ಬಂಕ್ ಇತ್ತು. ಮುಚ್ಚಿ ಎಷ್ಟೋ ವರ್ಷವಾಗಿತ್ತು, ಬೋರ್ಡು ಕೂಡ ಗುಜರಿಗೆ ಹೋಗಿತ್ತು. ನೆಲದಡಿಯ ಟ್ಯಾಂಕನ್ನು ಮಾತ್ರ ಯಾರೂ ಕಿತ್ತಿರಲಿಲ್ಲ. ಒಂದು ಬೇಸಿಗೆ ಓಣಿಯ ಬೋರಿನ ನೀರು ಪೆಟ್ರೋಲು ನಾರತೊಡಗಿದಾಗ ಜನ ಆ ನೀರು ಕುಡಿಯುವುದನ್ನು ಬಿಟ್ಟರು. ಬಿಟ್ಟರೆ ಪೀಡೆ ಕಳೆಯಿತು ಎಂದುಕೊಂಡರು. ಆಮೇಲೆ ಗದಗಿನಿಂದ ಪರೀಕ್ಷೆಯವರು ಬಂದರು. ಅವರಲ್ಲಿ ಮಮತಾ ಎಂಬ ಹುಡುಗಿ ಮನೆಮನೆಗೆ ಹೋಗಿ, ತಾಳ್ಮೆಯಿಂದ ಕೂತು ಬಿಡಿಸಿ ಹೇಳುತ್ತಿದ್ದಳು.

"ನೀರು ಕುಡ್ಯೂದು ಬಿಟ್ರ ಮುಗೀಲಿಲ್ರಿ. ನೆಲದಾಗಿನ ನೀರಿನ್ಯಾಗ ಪೆಟ್ರೋಲ್ ಕೂಡೈತಿ. ಅದರ ಹವಾ ಮಣ್ಣಾಗಿಂದ ಮ್ಯಾಲೆ ಏರಿ, ನೆಲದ ಬಿರುಕಿನ್ಯಾಗಿಂದ ಮನಿ ಹೊಕ್ಕತೈತಿ. ಕಣ್ಣಿಗೆ ಕಾಣಂಗಿಲ್ಲ, ಒಮ್ಮೊಮ್ಮೆ ಮೂಗಿಗೂ ತಿಳ್ಯಂಗಿಲ್ಲ."

ಪಕ್ಕದ ಬಾನುಬಿಯ ಮನೆಯಲ್ಲಿ ಅಳೆದಾಗ ಆ ಹವಾ ಬಹಳ ಸಿಕ್ಕಿತು. ನೆಲದ ಬಿರುಕುಗಳನ್ನು ಮುಚ್ಚಿ, ನೆಲದಡಿಯಿಂದ ಮಾಳಿಗೆಯ ಮೇಲಕ್ಕೆ ಒಂದು ಪೈಪ್ ಎಬ್ಬಿಸಿ, ಅದಕ್ಕೆ ಹಗಲಿರುಳು ತಿರುಗುವ ಫ್ಯಾನ್ ಕೂರಿಸಿದರು. ಕೆಳಗಿನ ಹವಾ ಮನೆಯೊಳಗೆ ಬರದೆ ಆಕಾಶಕ್ಕೆ ಹೋಗಲೆಂದು ಆ ಏರ್ಪಾಟು. ಬಾನುಬಿಯನ್ನು ಕಾಡುತ್ತಿದ್ದ ತಲೆಶೂಲೆ ನಿಂತಿತು. ಆದರೆ ಜನ ಸುಮ್ಮನಿರುತ್ತಾರೆಯೆ? ಅವಳ ಮನೆಗೆ 'ವಿಷದ ಮನಿ' ಎಂದು ಹೆಸರಿಟ್ಟರು.

ಅದೇ ವಾರ ಮಲ್ಲಸಮುದ್ರದ ಗಂಡಿನವರು ಪ್ರಿಯಾಂಕಾಳನ್ನು ನೋಡಲು ಬರುವವರಿದ್ದರು. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಅನ್ನಪೂರ್ಣಳಿಗೆ ಒಂದೇ ಸಾಕಾಯಿತು.

"ನಿಮ್ಮ ಮನಿ ಅಳ್ಯೂ ಹಿಂದಿನ ರಾತ್ರಿ ಕಿಡಕಿ, ಬಾಗಲಾ ಹಾಕಿರ್ರಿ. ದಿನಾ ಹೆಂಗಿರ್ತೀರೋ ಹಂಗ ಇರ್ರಿ," ಎಂದು ಮಮತಾ ಹೇಳಿ ಹೋಗಿದ್ದಳು. ಅನ್ನಪೂರ್ಣ ಎಲ್ಲ ಬಾಗಿಲು ತೆರೆದಿಟ್ಟಳು. ನೆಲ ತೊಳೆದು ಸಾರಿಸಿ, ಮೂಲೆಮೂಲೆಗೆ ಲೋಬಾನದ ಹೊಗೆ ಹಾಕಿದಳು. ಮಗ್ಗದ ಕೋಣೆಯಲ್ಲಿ, ಮಾವ ಕಾಲಿಳಿಬಿಟ್ಟು ಕುಳಿತು ನೇಯುವ ಆಳದ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಜೋಳದ ಚೀಲ ಒಟ್ಟಿದಳು. ಬೀಗರು ಬರುವ ಮನೆಯನ್ನು ಹಸನು ಮಾಡಿದರೆ ಅದು ತಪ್ಪೇ?

ಮರುದಿನ ಮಮತಾ ಕೇಳಿದಳು. "ಅಕ್ಕಾರ, ಮನ್ಯಾಗ ತಗ್ಗು, ಹಗೇವು, ನೆಲಮಾಳಿಗಿ ಏನರ ಐತೇನ್ರಿ?"

"ಏನಿಲ್ಲ ತಂಗಿ. ಎಲ್ಲಾ ಸಪಾಟ ಐತಿ."

ಹುಡುಗಿ ಕಟ್ಟೆಯ ಮೇಲೆ ಕುಳಿತಿದ್ದ ಬೀರಲಿಂಗಪ್ಪನ ಕಡೆ ತಿರುಗಿದಳು. "ಅಜ್ಜಾರ, ನೀವು ಕಂಬಳಿ ನೇಯ್ತೀರಂತ ಓಣ್ಯಾಗ ಅಂದ್ರು?"

ಮಾವ ಸೊಸೆಯನ್ನು ನೋಡಿದ, ಒಳಗೆ ಹೊಸ ಸೀರೆಯ ನೆರಿಗೆ ಹಿಡಿಯಲು ಬಾರದೆ ಒದ್ದಾಡುತ್ತಿದ್ದ ಮೊಮ್ಮಗಳನ್ನು ನೋಡಿದ. ಆಮೇಲೆ ಮಗ್ಗದ ಎಳೆಗೆ ಹಚ್ಚುವ ಹುಣಸೆಬೀಜದ ಅಂಟು ಹತ್ತಿದ ಕೈಗಳನ್ನು ಮೆಲ್ಲಗೆ ಕಂಬಳಿಯೊಳಗೆ ಎಳೆದುಕೊಂಡ.

"ನೇಯೂದು ಬಿಟ್ಟು ಭಾಳ ದಿನಾ ಆತವ್ವಾ. ಕಣ್ಣು ಕಾಣಂಗಿಲ್ಲ," ಎಂದ. ಜೀವಮಾನದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅನ್ನಪೂರ್ಣ ಕೇಳಿದ್ದು ಅದೇ ಮೊದಲು.

ಅಳತೆಯಲ್ಲಿ ಏನೂ ಸಿಗಲಿಲ್ಲ, ಪೈಪೂ ಬರಲಿಲ್ಲ. ನೆಂಟಸ್ತನ ಕುದುರಿತು. ಮದುವೆಗೆಂದು ಮನೆಗೆಲ್ಲ ಶಹಾಬಾದಿ ಫರಸಿಕಲ್ಲು ಹಾಸಿದರು, ಮಗ್ಗದ ಕೋಣೆಯೊಂದನ್ನು ಬಿಟ್ಟು. ಬೀರಲಿಂಗಪ್ಪ ತಾನೇ ಚೀಲಗಳನ್ನು ಸರಿಸಿ ಮತ್ತೆ ಗುಂಡಿಗಿಳಿದ. ಗಾಳಿ ಬಿದ್ದರೆ ಎಳೆ ಕಡಿಯುತ್ತದೆಂದು ಆ ಕೋಣೆಯ ಕಿಟಕಿಗೆ ಅವನು ಎಂದೋ ಕಲ್ಲುಮಣ್ಣು ತುಂಬಿದ್ದ.

"ಮಾವಾರ, ಇನ್ನ ಮಗ್ಗ ಬಿಡ್ರಿ," ಎಂದಳು ಅನ್ನಪೂರ್ಣ ಒಮ್ಮೆ.

"ಬೀಗರಿಗೆ ಗದ್ದಿಗಿ ಹಾಸೂ ಕಂಬಳಿ ಐತಿ. ಅದೊಂದು ಮುಗೀಲಿ."

ಅದು ಮುಗಿಯಿತು, ಇನ್ನೊಂದು ಹತ್ತಿತು. ತಲೆನೋವು ಬಂದರೆ ಅವನು ತಲೆಗೆ ರುಮಾಲು ಬಿಗಿದುಕೊಂಡು ಕೂರುತ್ತಿದ್ದ. ಅವಳು ಶುಂಠಿ ಚಹಾ ಮಾಡಿ ಕೊಡುತ್ತಿದ್ದಳು. ಮದುವೆಯಾಗಲಿ, ಹೇಳೋಣ. ಮಗಳು ಅಲ್ಲಿ ಹೊಂದಿಕೊಳ್ಳಲಿ, ಹೇಳೋಣ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ, ಸುಳ್ಳಲ್ಲ. ಮಾವ ಹಾಸಿಗೆ ಹಿಡಿದ ಮೇಲೆ ಅವಳು ಆ ಕೋಣೆಯ ಬಾಗಿಲನ್ನೇ ತೆರೆದಿರಲಿಲ್ಲ.

*

ಕುಣಿ ತೋಡಲು ಹೋದವರು ತಿರುಗಿ ಬಂದು, ಹಾರೆ ಸಲಿಕೆಗಳನ್ನು ಗೋಡೆಗೆ ಆನಿಸಿ ಕೈಕಾಲು ತೊಳೆಯುತ್ತಿದ್ದರು. ಆಗ ಬಾನುಬಿಯ ಹಿಂದೆ ಮಮತಾ ಒಳಗೆ ಬಂದಳು. ಬಾನುಬಿಯ ಮಾಳಿಗೆಯ ಫ್ಯಾನ್ ನೋಡಲೆಂದು ಬಂದಿದ್ದವಳಿಗೆ ಸುದ್ದಿ ತಿಳಿದಿತ್ತು. ಹೆಣಕ್ಕೆ ಕೈಮುಗಿದು ಹನಮಂತನ ಹತ್ತಿರ ಹೋದಳು.

"ಏನಾಗಿತ್ತಣ್ಣಾರ ಅಜ್ಜಾರಿಗೆ?"

"ರಕ್ತದ ಜಡ್ಡವ್ವಾ. ದೊಡ್ಡ ಹೆಸರು ಹೇಳಿದ್ರು, ನನಗ ಹೇಳಾಕ ಬರೂದಿಲ್ಲ."

ಹುಡುಗಿಯ ಮುಖ ಸಪ್ಪಗಾಯಿತು. ಪಡಸಾಲೆಯ ಫರಸಿಯನ್ನೂ ಗೋಡೆಯ ಸಂದುಗಳನ್ನೂ ನೋಡಿದಳು. "ನಾನು ಏನೋ ಬಿಟ್ಟೇನಣ್ಣಾರ. ಒಂದ ಸಲ ಅಳದು ಸುಮ್ನಾಗಬಾರದಿತ್ತು. ಬಾಜೂಕ ಬಾನುಬಿ ಮನ್ಯಾಗ ಅಷ್ಟೊಂದು ಸಿಕ್ಕಿತ್ತು, ಇಲ್ಲಿ ಅಷ್ಟ ಹೆಂಗ ಸಿಗಲಿಲ್ಲ ಅಂತ ಇನ್ನೊಮ್ಮೆ ಬರಬೇಕಿತ್ತು. ನನ್ನ ತಪ್ಪು," ಎನ್ನುವಷ್ಟರಲ್ಲಿ ಅವಳ ಕಣ್ಣು ತುಂಬಿ ಬಂತು.

ತನ್ನ ಪಾಪವನ್ನು ಯಾರದೋ ಮನೆಯ ಮಗಳು ತಲೆಯ ಮೇಲೆ ಹೊತ್ತುಕೊಳ್ಳುವುದನ್ನು ಅನ್ನಪೂರ್ಣ ಕುಳಿತಲ್ಲಿಂದಲೇ ನೋಡಿದಳು. ಆಗಲೂ ಅವಳು ಬಾಯಿ ಬಿಚ್ಚಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮಗ್ಗದ ಕೋಣೆಯ ಬಾಗಿಲು ಬಡಿದ ಸದ್ದಾಯಿತು.

"ಯವ್ವಾ, ಬಾಗಲಾ ತಗಿ. ತಲಿ ಸುತ್ತಾಕತ್ತೈತಿ."

"ಬಸುರಿಗೆ ತಲಿ ಸುತ್ತದ ಮತ್ತೇನ್ ಸುತ್ತತೈತಿ?" ಎಂದಳು ಕಳಕವ್ವ. "ಇನ್ನೊಂದು ಗಳಿಗಿ ತಡಿ, ಎತ್ತತಾರ."

ಅನ್ನಪೂರ್ಣ ಎದ್ದಳು. ಅಡ್ಡ ಬಂದ ಕಳಕವ್ವನನ್ನು ಸರಿಸಿ ಚಿಲಕ ತೆಗೆದಳು. ಬೆವೆತು ನಿಂತಿದ್ದ ಮಗಳ ಕೈ ಹಿಡಿದು, ಹೆಣದ ಮುಂದಿನಿಂದಲೇ ದಾಟಿಸಿ ಅಂಗಳದ ಬೇವಿನ ಗಿಡದ ಬುಡಕ್ಕೆ ತಂದು ಕೂರಿಸಿದಳು. ಹೆಂಗಸರು ಹೋ ಎಂದರು. ತಾಳ ನಿಂತಿತು.

"ಹುಚ್ಚಿ ಅದೀಯೇನ? ಬಸುರಿಗೆ ಹೆಣಾ ತೋರಿಸ್ತಾರೇನು?" ಕಳಕವ್ವ ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡಳು.

"ಹೆಣಾ ನೋಡಿದ್ರ ಏನೂ ಆಗಂಗಿಲ್ಲತ್ತಿ. ಆ ಕೋಣ್ಯಾಗ ಕುಂತ್ರ ಆಗತೈತಿ." ಅನ್ನಪೂರ್ಣ ಮಮತಾಳ ಕಡೆ ತಿರುಗಿದಳು. "ನಿನ್ನ ತಪ್ಪಲ್ಲ ತಂಗಿ. ತಗ್ಗು ಐತಿ ಅಲ್ಲಿ. ಜ್ವಾಳದ ಚೀಲ ಒಟ್ಟಿ ಮುಚ್ಚಿದ್ದೆ. ರಾತ್ರಿ ಎಲ್ಲಾ ಬಾಗಲಾ ತಗದಿಟ್ಟಿದ್ದೆ. ಮಾವ ಆ ತಗ್ಗಿನ್ಯಾಗ ದಿನಾ ಕುಂಡ್ರತಿದ್ರು, ಹಾಸಿಗಿ ಹಿಡಿಯೂತನಕ."

ಮಮತಾ ತಗ್ಗಿದ ದನಿಯಲ್ಲಿ, "ಅದರಿಂದನ ಆತು ಅಂತ ಯಾರಿಗೂ ಹೇಳಾಕ ಆಗಂಗಿಲ್ರಿ ಅಕ್ಕಾರ," ಎಂದಳು.

"ಅಲ್ಲ ಅಂತನೂ ಹೇಳಾಕ ಆಗಂಗಿಲ್ಲಲ್ಲ?"



ಹನಮಂತ ಅಪ್ಪನ ಹೆಣದ ಪಕ್ಕದಿಂದ ಎದ್ದು ಬಂದ. ಅವನು ಹೊಡೆಯುತ್ತಾನೆ ಎಂದುಕೊಂಡಳು ಅನ್ನಪೂರ್ಣ. ಹೊಡೆದರೆ ಒಳ್ಳೆಯದಿತ್ತು.

"ಅಪ್ಪಗ ಗೊತ್ತಿತ್ತೇನು?"

"ಗೊತ್ತಿತ್ರಿ. ನನ್ನ ಸಲುವಾಗಿ ಅವರೂ ಸುಳ್ಳು ಹೇಳಿದ್ರು."

"ಗೊತ್ತಿದ್ದೂ ಯಾಕ ಕುಂಡ್ರತಿದ್ದ?"

ಹನಮಂತ ಗೋಡೆಗೆ ಆನಿಸಿದ್ದ ಹಾರೆ ಎತ್ತಿಕೊಂಡು ಮಗ್ಗದ ಕೋಣೆಗೆ ಹೋದ. ಒಳಗಿನಿಂದ ಕಲ್ಲಿಗೆ ಕಬ್ಬಿಣ ಬಡಿಯುವ ಸದ್ದು ಬಂತು.

"ಹನಮಂತಾ, ಹೊತ್ತೇರಾಕತ್ತೈತೋ! ಹೆಣಾ ಕಾಯಾಕತ್ತೈತಿ!" ಕಳಕವ್ವ ಕೂಗಿದಳು. ಸದ್ದು ನಿಲ್ಲಲಿಲ್ಲ. ಮುಚ್ಚಿದ್ದ ಕಿಟಕಿಯ ಕಲ್ಲುಗಳು ಒಂದೊಂದೇ ಹಿತ್ತಲಿಗೆ ಉರುಳಿದವು. ಕೊನೆಗೆ ಸದ್ದು ನಿಂತಿತು. ಆದರೆ ಹನಮಂತ ಹೊರಗೆ ಬರಲಿಲ್ಲ.

ಅನ್ನಪೂರ್ಣ ಒಳಗೆ ಹೋಗಿ ಬಾಗಿಲಲ್ಲಿ ನಿಂತಳು. ಧೂಳಿನ ನಡುವೆ ಹನಮಂತ ಹಾರೆಯ ಮೇಲೆ ಭಾರ ಹಾಕಿ ನಿಂತಿದ್ದ. ಕಿಟಕಿಯ ಬಿಸಿಲು ನೇರ ಮಗ್ಗದ ಮೇಲೆ ಬಿದ್ದಿತ್ತು. ಅಲ್ಲಿದ್ದದ್ದು ಕುರುಬರು ಹೊದೆಯುವ ಕರಿ ಕಂಬಳಿಯಲ್ಲ. ಕುರಿಮರಿಯ ಮೊದಲ ಉಣ್ಣೆಯದು, ಬಿಳಿಯದು, ತೊಟ್ಟಿಲಿಗೆ ಹಾಸುವಷ್ಟೇ ಅಗಲದ್ದು. ಅರ್ಧ ನೇಯ್ದಿತ್ತು, ಲಾಳಿ ಎಳೆಗಳ ನಡುವೆಯೇ ಉಳಿದಿತ್ತು.