ಬಾಗಿಲಲ್ಲಿ ತಡೆದ ಹೆಸರು

"'ಎ ಮ್ಯಾನ್ ಆಫ್ ಗ್ರೇಟ್ ರಿಸ್ಟ್ರೇಂಟ್' ಅಂತ ಬರದಾರ" ಎಂದು ಓದಿ ರಾಹುಲ ನಿಲ್ಲಿಸಿದ.

ಅವನ ಅಜ್ಜ ಮಲ್ಲಣ್ಣ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಕಾರ್ಖಾನೆಯಿಂದ ಬಂದ ಸಂತಾಪದ ಕಾಗದ ಅದು. ಮಣಿಕೊಂಡದ ಫ್ಲ್ಯಾಟಿನ ಹಾಲಿನಲ್ಲಿ ಮಲ್ಲಣ್ಣ ಮೈತುಂಬ ವಿಭೂತಿ ಧರಿಸಿ, ಗೋಡೆಗೆ ಒರಗಿ, ಸತ್ತ ಮೇಲೂ ಪದ್ಧತಿಯಂತೆ ಕುಳಿತೇ ಇದ್ದರು. ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಅವರ ಮೊಣಕಾಲಿನವರೆಗೆ ಬಂದಿತ್ತು. ಎರಡು ದಿನದಿಂದ ರೆಪ್ಪೆ ಮುಚ್ಚದ ಹೆಂಡತಿ ಶರಣಬಸಮ್ಮನಿಗೆ, ಇನ್ನೇನು ಇವರು ಕಣ್ಣು ಬಿಟ್ಟು ಚಹಾ ಕೇಳುತ್ತಾರೆ ಅನ್ನಿಸುತ್ತಿತ್ತು.

"ಹಂಗಂದ್ರ ಏನೋ?" ಎಂದು ಮೊಮ್ಮಗನನ್ನು ಕೇಳಿದಳು.

"ಸಿಟ್ಟು ನುಂಗೋದು ನೋಡ್ರಿ ಅಕ್ಕಾ" ಎಂದ ಗಂಡನ ಜೊತೆ ಕೆಲಸ ಮಾಡಿದ್ದ ಹಣಮಂತರಾಯ. "ಒಮ್ಮೆ ಸಾಹೇಬ ಎಲ್ಲಾರ ಮುಂದ ಇವರ ಮ್ಯಾಲ ನಟ್ಟು ತಿರುವೋ ಪಾನಾ ಒಗದಾ. ಇವರು ಅದನ್ನ ಎತ್ತಿ, ಒರಸಿ, ಅವನ ಟೇಬಲ್ ಮ್ಯಾಲ ಇಟ್ಟು ಬಂದ್ರು. ಮರುದಿನದಿಂದ ಸಾಹೇಬನೇ ಮೊದಲ ಇವರಿಗೆ ನಮಸ್ಕಾರ ಮಾಡಾಕತ್ತಿದ."

"ಬಾಯಿ ಕಟ್ಟೋದೂ ಹೌದು" ಎಂದಳು ನಾದಿನಿ ಜಯಮ್ಮ. "ಸಕ್ಕರಿ ಬ್ಯಾನಿ ಬಂದ ಮ್ಯಾಲ ನಮ್ಮಣ್ಣ ಹೋಳಿಗಿ ಕಡೆ ತಿರುಗಿ ನೋಡಲಿಲ್ಲ."

ಆ ಅಣ್ಣ ಅಡುಗೆಮನೆಯಲ್ಲಿ ಅರ್ಧ ಹೋಳಿಗೆ ಕದ್ದು ತಿನ್ನುತ್ತಿದ್ದದ್ದು ಶರಣಬಸಮ್ಮನಿಗಷ್ಟೇ ಗೊತ್ತು. ಸತ್ತವರ ಮರ್ಯಾದೆ ಕಾಯಬೇಕಲ್ಲ, ಹೌದೆಂದು ತಲೆಯಾಡಿಸಿದಳು.

ರಾಹುಲ ಮೊಬೈಲಿನಲ್ಲಿ ಹುಡುಕಿದ. "ಬಾಯಿತನಕ ಬಂದ ಮಾತನ್ನ ಹೊರಗ ಬಿಡದಂಗ ತಡಕೊಳ್ಳೋದು ಅಂತನೂ ಐತಿ ಆಯಿ."

ಶರಣಬಸಮ್ಮ ಗಂಡನ ಮುಖ ನೋಡಿದಳು. ಹಾಗಾದರೆ ಈ ಇಂಗ್ಲಿಷ್ ಶಬ್ದ ಅವರದಲ್ಲ, ತನ್ನದು.

*

ಶರಣಬಸಮ್ಮ ಮದುವೆಯಾಗಿ ಬಂದ ದಿನ ಹನ್ನೆರಡರ ಹುಡುಗಿ ಜಯಮ್ಮ ಹೊಸ್ತಿಲಲ್ಲಿ ಕೈ ಅಡ್ಡ ಇಟ್ಟಿದ್ದಳು. "ಗಂಡನ ಹೆಸರ ಹೇಳಿ ಒಳಗ ಬಾ."

ಗಂಡನ ಹೆಸರು ಸೇರಿಸಿ ಹೇಳುವ ಪ್ರಾಸದ ಒಡಪು ಬಾಯಿಪಾಠವಿತ್ತು. ಆದರೆ ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆ ಎಂದು ಅಜ್ಜಿ ಹೇಳಿದ್ದಳು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲವೆಂದು ಎಲ್ಲರೂ ಅಂದರೂ ಇವಳಿಗೆ ಧೈರ್ಯ ಸಾಲಲಿಲ್ಲ.

"ಬಿಡ ಜಯಾ" ಎಂದು ಮಲ್ಲಣ್ಣ ನಕ್ಕಿದ್ದರು. "ಮನಸ್ ಬಂದಾಗ ಹೇಳ್ತಾಳ."

ಮನಸ್ಸೇನೋ ಅದೇ ವರ್ಷ ಬಂತು, ಬಾಯಿ ಬರಲಿಲ್ಲ. ಬೇಗಂ ಬಜಾರಿನ ಗದ್ದಲದಲ್ಲಿ ಗಂಡ ಕಣ್ತಪ್ಪಿದಾಗ ಅಂಗಡಿಯ ಸ್ಟೀಲ್ ತಟ್ಟೆ ಬಡಿದು ಕರೆದಿದ್ದಳೇ ಹೊರತು ಹೆಸರು ಹಿಡಿದಿರಲಿಲ್ಲ. ನಲವತ್ತಾರು ವರ್ಷ ಹೀಗೇ ನಡೆಯಿತು. ಹೋದ ವಾರ ಆಸ್ಪತ್ರೆಯಲ್ಲಿ ಅವರೇ ಬಾಯಿಬಿಟ್ಟು ಕೇಳಿದ್ದರು.

"ಒಮ್ಮೆರ ನನ್ನ ಹೆಸರ ಹಿಡದು ಕರಿ."

"ಮೊದಲ ಮನಿಗೆ ನಡೀರಿ, ಕರೀತೀನಿ."

ಮನೆಗೆ ಬಂದರು, ಹೀಗೆ.

*

"ಹೊತ್ತಾತು, ಎತ್ರಿ" ಎಂದ ಹಣಮಂತರಾಯ. ನಾಲ್ವರು ಬಗ್ಗಿದರು.

ಜಯಮ್ಮ ಎದ್ದು ಹೋಗಿ ಬಾಗಿಲಿಗೆ ಕೈ ಅಡ್ಡ ಇಟ್ಟಳು. ಈಗ ಅದು ಅರವತ್ತರ ಸಮೀಪದ ಕೈ.

"ವೈನಿ, ಅವತ್ತ ಒಳಗ ಬರಾಕ ಬಿಟ್ಟಿದ್ದೆ. ಇವತ್ತ ಹೆಸರ ಹೇಳದೇ ನಮ್ಮಣ್ಣನ್ನ ಹೊರಗ ಒಯ್ಯಾಕ ಬಿಡಂಗಿಲ್ಲ."

ಬಗ್ಗಿದ್ದ ನಾಲ್ವರು ಹಿಂದೆ ಸರಿದರು. ಇನ್ನು ಯಾವ ಆಯುಷ್ಯಕ್ಕೆ ಹೆದರಬೇಕು? ಶರಣಬಸಮ್ಮ ಗಂಡನ ಪಕ್ಕ ಕುಳಿತು ಅವರ ಕಿವಿಗೆ ಬಾಯಿ ಹಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. ಒಂದು ಹೆಸರಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

"ನಮಗ ಕೇಳಸಲಿಲ್ಲ ವೈನಿ" ಎಂದಳು ಜಯಮ್ಮ.

"ಹೇಳಬೇಕಾದವರಿಗೆ ಹೇಳೀನಿ."

ಹಾಗೆಂದು ಅವಳು ಇತ್ತ ಮುಖ ತಿರುಗಿಸಿದಳು. ತುಟಿಗಳ ತುಂಬ ವಿಭೂತಿ ಮೆತ್ತಿತ್ತು. ಜಯಮ್ಮ ಅದನ್ನು ನೋಡಿ ಕೈ ಇಳಿಸಿದಳು.