ಅತ್ತಿಗೆಯ ಎಡ ಹೆಬ್ಬೆರಳು

ಇಂಗ್ಲಿಷ್ ಕಲಿಸಲು ಟೀಚರು ಬರುತ್ತಾರೆ, ಅದೂ ಪುಕ್ಕಟೆಯಾಗಿ, ಕೆಲಸದ ಹೊತ್ತಿನಲ್ಲೇ ಎಂದಾಗ ನಮ್ಮಲ್ಲಿ ಮೊದಲು ಹುಬ್ಬು ಗಂಟಿಕ್ಕಿದವಳು ಅನುಮಾನಕ್ಕ. ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ಸಾಬೂನು ಹೆಚ್ಚು ಖರ್ಚಾದರೆ ಮುಖ ಊದಿಸಿಕೊಳ್ಳುವ ಕಂಪನಿ ವಿದ್ಯಾದಾನಕ್ಕೆ ಇಳಿದಿದೆ ಎಂದರೆ ಯಾರಿಗಾದರೂ ಅನುಮಾನ ಬರುತ್ತದೆ, ನಿಜ. ಆದರೆ ಇವಳದು ಹುಟ್ಟುಗುಣ. ಹಗ್ಗ ಕಂಡು ಹಾವು ಎನ್ನುವವರು ಎಲ್ಲ ಕಡೆ ಇರುತ್ತಾರೆ. ಇವಳು ಹಗ್ಗ ಮಾರುವವನನ್ನೇ ಹಾವಾಡಿಗ ಎನ್ನುವವಳು. ಅನುಮಾನಕ್ಕ ಎಂದು ಹೆಸರಿಟ್ಟವಳು ನಾನೇ. ಅದು ಅವಳಿಗೆ ಗೊತ್ತಿದೆಯೋ ಏನೋ ಎಂಬ ಅನುಮಾನ ನನಗೂ ಇದೆ.

“ಹೊಸ ಮ್ಯಾನೇಜರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರಲ್ವಂತೆ. ಅದಕ್ಕೇ ನಮಗೆ ಕಲಿಸ್ತಾರಂತೆ,” ಎಂದೆ ನಾನು.

“ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ,” ಎಂದಳು.

ಟೀಚರು ಬಂದಳು. ಚಿಕ್ಕ ವಯಸ್ಸು, ತೆಳ್ಳನೆಯ ದನಿ. ಊಟದ ಕೋಣೆಯಲ್ಲಿ ಬಿಳಿ ಹಲಗೆ ಒರಗಿಸಿ, ಎ, ಆನ್, ದಿ ಎಂದು ಬರೆದಳು. ಯಂತ್ರಗಳ ನಡುವೆ ಕೆಲಸ ಮಾಡುವವರಿಗೆ ಯಂತ್ರಗಳ ವಿಷಯದಲ್ಲೇ ಪಾಠ ಮಾಡಿದರೆ ಬೇಗ ಹತ್ತುತ್ತದೆ ಎಂದು ಯಾರೋ ಅವಳ ತಲೆಗೆ ತುಂಬಿದ್ದರು. ಮೊದಲ ಪಾಠವೇ ಬಯೋಮೆಟ್ರಿಕ್ಸ್. ಅಂದರೆ ಬೆರಳು, ಕಣ್ಣು, ಮುಖ ನೋಡಿ ಮನುಷ್ಯರನ್ನು ಗುರುತಿಸುವ ವಿದ್ಯೆ.

“ಒಂದು ಬೆರಳಿನ ಮಾತು ಮೊದಲ ಸಲ ಬಂದ್ರೆ ‘ಎ ಫಿಂಗರ್’. ಅದು ಯಾವ ಬೆರಳು ಅಂತ ಎಲ್ಲರಿಗೂ ಗೊತ್ತಾದ್ಮೇಲೆ ‘ದಿ ಫಿಂಗರ್’,” ಎಂದಳು ಟೀಚರು.

ಅನುಮಾನಕ್ಕ ಧಡಕ್ಕನೆ ಎದ್ದಳು. “ಯಾವ ಬೆರಳು ಅಂತ ಯಾರಿಗೆ ಗೊತ್ತಾಗಿದೆ? ಯಾರು ಹೇಳಿದ್ರು ನಿಮಗೆ?”

ಟೀಚರು ಪಾಪ, ಕಣ್ಣು ಕಣ್ಣು ಬಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು ಕೆಮ್ಮಿ ಮಾತು ಮರೆಸಿದೆ. ಅನುಮಾನಕ್ಕ ಹೊರಗೆ ಹೋದವಳು ಮತ್ತೆ ಆ ಪಾಠದ ಕಡೆ ತಲೆ ಹಾಕಲಿಲ್ಲ.

ಅವಳ ಹೆದರಿಕೆಗೆ ಕಾರಣವಿತ್ತು. ಅವಳ ನಾದಿನಿಯೂ ನಮ್ಮಲ್ಲೇ ಕೆಲಸಕ್ಕಿದ್ದಳು. ನಾದಿನಿಗೆ ನೆನೆಹಾಕುವ ತೊಟ್ಟಿಯ ಕೆಲಸ. ರಕ್ತದ ಕಲೆ ಬಿಡಿಸುವ ಬ್ಲೀಚಿನಲ್ಲಿ ಕೈ ಅದ್ದಿ ಅದ್ದಿ ಅವಳ ಬೆರಳ ತುದಿಗಳು ನುಣ್ಣಗಾಗಿದ್ದವು. ಗೆರೆ ಎಂಬುದೇ ಇಲ್ಲ. ಟೀಚರು ಬರುವುದಕ್ಕೂ ಹಿಂದೆ ಬೆರಳೊತ್ತಿ ಹಾಜರಿ ಹಾಕುವ ಯಂತ್ರ ಬಂದಾಗ, ಯಂತ್ರಕ್ಕೆ ಬೆರಳು ಸಿಗದವರಿಗೆ ಕೆಲಸವಿಲ್ಲ ಎಂದು ಮೊದಲೇ ಸಾರಿಬಿಟ್ಟಿದ್ದರು. ನಾದಿನಿಯ ಸರದಿ ಬಂತು. ಒತ್ತಿದಳು, ಒರೆಸಿಕೊಂಡು ಮತ್ತೆ ಒತ್ತಿದಳು. ಯಂತ್ರ ಕೆಂಪು ದೀಪ ಬಿಟ್ಟು ಬೇರೇನೂ ತೋರಿಸಲಿಲ್ಲ. ಬೆರಳು ದಾಖಲಿಸುವವನು ಫೋನಿನಲ್ಲಿ ಹರಟುತ್ತಿದ್ದ. ಹಿಂದೆ ನಿಂತಿದ್ದ ಅನುಮಾನಕ್ಕ ನಾದಿನಿಯ ಕಂಕುಳ ಕೆಳಗಿನಿಂದ ಕೈ ತೂರಿಸಿ ತನ್ನ ಎಡ ಹೆಬ್ಬೆರಳು ಒತ್ತಿದಳು. ಹಸಿರು ದೀಪ ಬಂತು. ಆಮೇಲೆ ತನ್ನ ಸರದಿಗೆ ಬಲ ಹೆಬ್ಬೆರಳು ಕೊಟ್ಟಳು. ಅಂದಿನಿಂದ ದಿನವೂ ನಾದಿನಿಯ ಹಾಜರಿಗೆ ಅವಳ ಎಡ ಹೆಬ್ಬೆರಳು, ತನ್ನ ಹಾಜರಿಗೆ ಬಲ.

ಇದು ಹೊರಗಿನವರಿಗೆ ಮೋಸದ ಹಾಗೆ ಕಾಣಬಹುದು. ನಮ್ಮ ಕೆಲಸದ ರೀತಿಯೇ ಹಾಗೆ. ದೊಡ್ಡ ದುಪ್ಪಟಿಯನ್ನು ಒಬ್ಬರೇ ಮಡಿಸಲಾಗುವುದಿಲ್ಲ, ಜೋಡಿ ಬೇಕು. ಜೋಡಿಯವಳ ಕೈ ಸೋತರೆ ಅವಳ ತುದಿಯನ್ನೂ ನಾವೇ ಹಿಡಿಯುತ್ತೇವೆ, ಹಿಡಿಯಲೇ ಎಂದು ಕೇಳುವುದಿಲ್ಲ. ಇವರಿಬ್ಬರೂ ಜೋಡಿ. ಇಬ್ಬರೂ ಒಂದು ದಿನ ತಪ್ಪದೆ ಕೆಲಸಕ್ಕೆ ಬರುತ್ತಿದ್ದರು. ಮನೆಯಲ್ಲಿ ಅನುಮಾನಕ್ಕನ ಗಂಡ, ಅಂದರೆ ನಾದಿನಿಯ ಅಣ್ಣ, ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಿದ್ದ. ಇಬ್ಬರ ದುಡಿಮೆಯಲ್ಲೇ ಮನೆ ನಡೆಯಬೇಕಿತ್ತು.

ಅತ್ತಿಗೆ ಬಿಟ್ಟ ಪಾಠಕ್ಕೆ ನಾದಿನಿ ಅಂಟಿಕೊಂಡಳು. ಎಲ್ಲರೂ ಎದ್ದ ಮೇಲೂ ಟೀಚರ ಪಕ್ಕ ಕೂತು ತುಟಿ ಅಲ್ಲಾಡಿಸುತ್ತಿದ್ದಳು. ಅತ್ತಿಗೆ ಬಾಗಿಲಿಗೆ ಬಂದರೆ ಬಾಯಿ ಮುಚ್ಚುತ್ತಿದ್ದಳು.

“ಏನೇ ಅದು ಗುಸುಗುಸು?”

“ಏನಿಲ್ಲ ಅತ್ತಿಗೆ. ಮನೆಪಾಠ.”

“ತೊಟ್ಟಿ ತೊಳೆಯೋಳಿಗೆ ಯಾವ ಮನೆಪಾಠ?”

ನಾದಿನಿ ನಕ್ಕಳು. ಆ ನಗುವೇ ಅನುಮಾನಕ್ಕನಿಗೆ ಸೇರಲಿಲ್ಲ. ಇಸ್ತ್ರಿ ಮಾಡುವ ಬಿಸಿ ರೋಲರಿಗೆ ದುಪ್ಪಟಿ ಕೊಡುತ್ತಾ ನನ್ನ ಹತ್ತಿರ ಪಿಸುಗುಟ್ಟಿದಳು. “ಎಲ್ಲಾ ನನ್ನ ತಲೆಗೆ ಕಟ್ಟಿ ತಾನು ಪಾರಾಗ್ತಾಳೆ ನೋಡ್ತಿರು. ಬೆರಳು ನಂದು ತಾನೇ? ಸಿಕ್ಕಿಬೀಳೋಳು ನಾನೇ.”

“ಸುಮ್ನಿರಕ್ಕ. ನೀನೇ ಎತ್ತಿ ಆಡಿಸಿದ ಹುಡುಗಿ.”

“ಗಿಣಿಯಂತೆ ಸಾಕಿದೆ. ಗಿಣಿ ಈಗ ಇಂಗ್ಲಿಷ್ ಮಾತಾಡ್ತಿದೆ.”

ಅಷ್ಟರಲ್ಲಿ ಹಳೆಯ ಯಂತ್ರ ತೆಗೆದು ಹೊಸದು ಹಾಕುವ ಸುದ್ದಿ ಬಂತು. ಎಲ್ಲರೂ ಮತ್ತೆ ಬೆರಳು ಕೊಡಬೇಕು, ಅದೂ ಮ್ಯಾನೇಜರ ಕೋಣೆಯಲ್ಲಿ, ಅವರ ಕಣ್ಣೆದುರಿಗೇ. ಈ ಸಲ ಕಂಕುಳ ಕೆಳಗೆ ಕೈ ತೂರಿಸುವ ಹಾಗಿರಲಿಲ್ಲ. ಅನುಮಾನಕ್ಕನಿಗೆ ಊಟ ಸೇರಲಿಲ್ಲ. ನಾದಿನಿ ಮಾತ್ರ ತೊಟ್ಟಿಯ ಮುಂದೆ ನಿಂತು ಏನೋ ಗುಣುಗುಟ್ಟುತ್ತಲೇ ಇದ್ದಳು.

ಬೆರಳು ಕೊಡುವ ದಿನ ಮ್ಯಾನೇಜರ ಕೋಣೆಯಲ್ಲಿ ಮಾತು ತರ್ಜುಮೆ ಮಾಡಲು ಟೀಚರೂ ಕೂತಿದ್ದಳು. ನಾದಿನಿ, ಅವಳ ಹಿಂದೆ ಅನುಮಾನಕ್ಕ, ಅವಳ ಹಿಂದೆ ನಾನು. ನಾದಿನಿ ಯಂತ್ರ ಮುಟ್ಟಲಿಲ್ಲ. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಮೇಲ್ಮುಖವಾಗಿ ಇಟ್ಟು ಇಂಗ್ಲಿಷಿನಲ್ಲಿ ಶುರುಮಾಡಿದಳು. ನಿಧಾನವಾಗಿ, ಒಂದೊಂದೇ ವಾಕ್ಯ, ಎಲ್ಲೂ ತಡವರಿಸದೆ. ನನಗೆ ಅಲ್ಲೊಂದು ಇಲ್ಲೊಂದು ಮಾತು ಹತ್ತಿತು. ಅನುಮಾನಕ್ಕನಿಗೆ ಎರಡೇ ಹತ್ತಿದ್ದು: ‘ಫಿಂಗರ್’, ‘ಸಿಸ್ಟರ್’. ಎರಡನೆಯದನ್ನು ಹೇಳುವಾಗ ನಾದಿನಿ ಕೈ ಮಾಡಿ ಅವಳನ್ನೇ ತೋರಿಸಿದಳು.

ಮ್ಯಾನೇಜರು ಅನುಮಾನಕ್ಕನತ್ತ ತಿರುಗಿ ಏನೋ ಕೇಳಿದರು. “ಇದಕ್ಕೆ ನೀವೇನು ಹೇಳ್ತೀರಿ ಅಂತ ಕೇಳ್ತಿದ್ದಾರೆ,” ಎಂದಳು ಟೀಚರು.

ಅನುಮಾನಕ್ಕ ಸಿಡಿದಳು. “ಅವಳೇ ಕೇಳಿದ್ದು! ಬೆರಳು ಕೊಡಿ, ಕೊಡಿ ಅಂತ ಕಾಲಿಗೆ ಬಿದ್ಲು. ಮನೆ ಮಾನ ಹೋಗತ್ತೆ ಅಂತ ಕೊಟ್ಟೆ. ನಂದೇನೂ ತಪ್ಪಿಲ್ಲ!”

ಅದು ಹಸಿ ಸುಳ್ಳು. ಯಾರೂ ಕೇಳಿರಲಿಲ್ಲ, ನಾನೇ ಕಣ್ಣಾರೆ ನೋಡಿದ್ದೆ. ಆದರೆ ಮುಂದಿನ ಸರದಿ ನನ್ನದು, ನನಗೂ ಹೊಟ್ಟೆಯಿದೆ, ಬಾಯಿ ಬಿಡಲಿಲ್ಲ. ಟೀಚರು ಅವಳ ಮಾತನ್ನು ಹೇಳಿದಳು. ಮ್ಯಾನೇಜರು ತಲೆಯಾಡಿಸಿ ನಾದಿನಿಗೆ ಬಾಗಿಲು ತೋರಿಸಿದರು. ನಾದಿನಿ ತಿರುಗಿ ಅತ್ತಿಗೆಯನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಅರ್ಥವಾಗಲಿಲ್ಲ. ಕೊರಳಲ್ಲಿದ್ದ ಗುರುತಿನ ಚೀಟಿ ಬಿಚ್ಚಿಟ್ಟು ಹೊರಟುಹೋದಳು.

ನಾವಿಬ್ಬರೂ ಬೆರಳು ಕೊಟ್ಟು ಕೋಣೆಯ ಹೊರಗಿನ ಓಣಿಗೆ ಬಂದರೂ ಅನುಮಾನಕ್ಕ ಇನ್ನೂ ಕುದಿಯುತ್ತಿದ್ದಳು. “ನೋಡಿದ್ಯಾ? ಹಾವಿಗೆ ಹಾಲೆರೆದೆ!”

ಟೀಚರು ಹಿಂದೆಯೇ ಬಂದಳು. “ಏನು ಮಾತು ಅಂತ ಆಡ್ತಿದ್ದೀರಿ? ಅವರು ನಿಮ್ಮನ್ನ ಉಳಿಸಿ ಹೋದರಲ್ಲ.”

“ಏನಂದ್ಲು ಹಾಗಾದ್ರೆ?”

“ಬೆರಳು ಕೊಡು ಅಂತ ಪೀಡಿಸಿದ್ದು ನಾನೇ, ಅವರಿಗೆ ಮನಸ್ಸಿರಲಿಲ್ಲ, ತಪ್ಪೆಲ್ಲ ನಂದು, ಅವರ ಕೆಲಸ ತೆಗೀಬೇಡಿ ಅಂದ್ರು. ಎಷ್ಟು ದಿನದಿಂದ ಇದನ್ನೇ ತಿದ್ದಿಸಿಕೊಳ್ತಿದ್ರು. ಅದಕ್ಕೆ ಸರಿಯಾಗಿ ನೀವೂ ಅದನ್ನೇ ಹೇಳಿದ್ರಿ.”

ಅನುಮಾನಕ್ಕ ಕೊಳೆಬಟ್ಟೆಯ ಗಾಡಿಯ ಅಂಚು ಹಿಡಿದು ನಿಂತಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

“ಬೆರಳಿಟ್ಟೋಳು ನಾನು, ಅವಳು ಕೇಳಲೇ ಇಲ್ಲ. ಇದನ್ನ ಅವರ ಭಾಷೇಲಿ ಹೇಗೆ ಹೇಳೋದು?” ಎಂದು ಕೊನೆಗೆ ಟೀಚರನ್ನು ಕೇಳಿದಳು.

“ಹೇಳಿದ್ರೆ ನಿಮ್ಮ ಕೆಲಸಾನೂ ಹೋಗತ್ತಮ್ಮ. ಅವರೇನೂ ವಾಪಸ್ ಬರಲ್ಲ.”

“ಹೇಳಿಕೊಡೇ ತಾಯಿ.”

ಟೀಚರು ಹೇಳಿಕೊಟ್ಟಳು. ಅನುಮಾನಕ್ಕ ಗೋಡೆಗೆ ಮುಖ ಮಾಡಿ ಒಪ್ಪಿಸಿದಳು, ತಪ್ಪಿದಳು, ಮತ್ತೆ ಒಪ್ಪಿಸಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಸರದಿಯನ್ನೆಲ್ಲ ದಾಟಿ ಒಳಗೆ ನುಗ್ಗಿದಳು. “ಐ ಪುಟ್ ದಿ ಫಿಂಗರ್. ಶಿ ಡಿಡ್ ನಾಟ್ ಆಸ್ಕ್.” ರೋಲರಿನ ಸದ್ದಿನ ಮೇಲೂ ಓಣಿಗೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅವಳೂ ಗುರುತಿನ ಚೀಟಿ ಬಿಚ್ಚಿಟ್ಟು ಹೊರಬಂದಳು. ನಾನು ಗೇಟಿನ ತನಕ ಹೋದೆ. ನಾದಿನಿ ಕಾಂಪೌಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಅತ್ತಿಗೆಯ ಕೊರಳಲ್ಲಿ ಚೀಟಿ ಇಲ್ಲದ್ದನ್ನು ನೋಡಿದ್ದೇ ತಡ, ಚಂಗನೆ ಎದ್ದಳು.

“ಏನು ಮಾಡ್ಕೊಂಡು ಬಂದ್ರಿ ಅತ್ತಿಗೆ? ಒಬ್ಬರಾದ್ರೂ ಉಳೀಲಿ ಅಂತ ನಾನು ನಾಲಿಗೆ ಸವೆಸಿ ಕಲಿತೆ. ಈಗ ಅಣ್ಣನ ಔಷಧಿಗೆ ಯಾರ ಮನೆ ಬಾಗಿಲಿಗೆ ಹೋಗೋದು?”

ಅನುಮಾನಕ್ಕ ಅಳುತ್ತಿದ್ದಳು, ಅಳುತ್ತಲೇ ಗದರಿದಳು. “ನನಗೊಂದು ಮಾತು ಮೊದಲೇ ಹೇಳಬಾರದಿತ್ತೇನೇ?”

“ಹೇಳಿದ್ರೆ ನಂಬ್ತಿದ್ರಾ?” ಎಂದಳು ನಾದಿನಿ.

ನಂಬ್ತಿದ್ದೆ ತಾನೇ ಎನ್ನುವ ಹಾಗೆ ಅನುಮಾನಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ.